ಓದುಗರ ಪ್ರಶ್ನೆ: ಪಂಜರದ ಹಕ್ಕಿಗೆ ತುರ್ತು ಹೊತ್ತಿನ ತಯಾರಿ

ಪ್ರಶ್ನೆ: ಮನೆಯಲ್ಲಿ ಎರಡು ಬಜರಿಗರ್ (ಪುಟ್ಟ ಗಿಳಿ ಜಾತಿಯ) ಹಕ್ಕಿಗಳಿವೆ. ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ ಯಾವ ಔಷಧ ಇಟ್ಟುಕೊಳ್ಳಲಿ?

ಔಷಧ ಆಮೇಲೆ. ಮೊದಲು 1 ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಡಿಜಿಟಲ್ ತಕ್ಕಡಿ ತನ್ನಿ. ಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ, ಸೊರಗಿದ ಮೈಯನ್ನು ಪುಕ್ಕ ಮರೆಮಾಡುತ್ತದೆ. ವಾರಕ್ಕೆರಡು ಸಲ, ಬೆಳಿಗ್ಗೆ ಕಾಳು ಹಾಕುವ ಮುನ್ನ ತೂಗಿ ಬರೆದಿಡಿ. 35 ಗ್ರಾಂ ಇದ್ದದ್ದು 31ಕ್ಕೆ ಇಳಿದರೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಹೋಯಿತು. ಚುರುಕಾಗಿಯೇ ಕಂಡರೂ ಅಂದೇ ವೈದ್ಯರಿಗೆ ತೋರಿಸಬೇಕು.

ಡಬ್ಬಿಯಲ್ಲಿ ಗಾಜ್ ಬಟ್ಟೆ, ಕಾರ್ನ್‌ಫ್ಲೋರ್, ಗಾಯ ತೊಳೆಯಲು ಸಲೈನ್, ಚಿಕ್ಕ ಕತ್ತರಿ, ಟಾರ್ಚ್, ಎರಡು ತೆಳು ಟವೆಲ್, ಕೋಣೆಯ ಬಿಸಿ ತೋರಿಸುವ ಒಂದು ಥರ್ಮಾಮೀಟರ್ ಇದ್ದರೆ ಸಾಕು. ಮನುಷ್ಯರ ನೋವಿನ ಮಾತ್ರೆ, ಹಿಂದಿನ ಸಲ ಉಳಿದ ಆಂಟಿಬಯೋಟಿಕ್ ಬೇಡವೇ ಬೇಡ. ನೀರಿನ ಬಟ್ಟಲಿಗೆ ಔಷಧ ಬೆರೆಸುವ ರೂಢಿಯೂ ನಿಲ್ಲಲಿ. ಕಾಯಿಲೆಯ ಹಕ್ಕಿ ನೀರು ಕುಡಿಯುವುದೇ ಕಡಿಮೆ. ರುಚಿ ಕೆಟ್ಟರೆ ಅದನ್ನೂ ಬಿಡುತ್ತದೆ. ಮುಲಾಮು, ಎಣ್ಣೆ ಹಚ್ಚಿದರೆ ಪುಕ್ಕ ಅಂಟಿಕೊಂಡು ಮೈ ಬಿಸಿ ನಿಲ್ಲದು.

ಡಬ್ಬಿಯ ಮುಚ್ಚಳದ ಮೇಲೆ ಇಬ್ಬರು ಪಶುವೈದ್ಯರ ಫೋನ್ ನಂಬರ್ ಅಂಟಿಸಿ. ‘ಹಕ್ಕಿ ನೋಡುತ್ತೀರಾ? ರಾತ್ರಿ, ರಜಾದಿನ ಸಿಗುತ್ತೀರಾ?’ ಎಂದು ಈಗಲೇ ಕೇಳಿಡಿ. ನಾಯಿ, ಬೆಕ್ಕು ನೋಡುವವರೆಲ್ಲ ಹಕ್ಕಿಯನ್ನು ನೋಡುವುದಿಲ್ಲ.

ಪ್ರಶ್ನೆ: ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತರೆ, ವೈದ್ಯರು ಸಿಗುವವರೆಗೆ ಏನು ಮಾಡಬಹುದು?

ಮೈ ಬಿಸಿ ಕಾಪಾಡಿ. ತಳದಲ್ಲಿ ಕೂತ ಹಕ್ಕಿ ಆಗಲೇ ಸೋತಿರುತ್ತದೆ, ಉಳಿದ ಶಕ್ತಿಯೆಲ್ಲ ಮೈ ಬೆಚ್ಚಗಿಟ್ಟುಕೊಳ್ಳಲೇ ಖರ್ಚಾಗುತ್ತದೆ. ಗಾಳಿಗೆ ತೂತುಗಳಿರುವ ರಟ್ಟಿನ ಡಬ್ಬಿಗೆ ಟವೆಲ್ ಹಾಸಿ ಅದರಲ್ಲಿಡಿ. ಕೂರುವ ಕಡ್ಡಿ ಬೇಡ, ಬಿದ್ದೀತು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಹೊರಗಿನಿಂದ ಒಂದೇ ಬದಿಗೆ ಒರಗಿಸಿ. ಸೆಖೆಯಾದರೆ ಹಕ್ಕಿಗೆ ಸರಿದುಕೊಳ್ಳಲು ಇನ್ನೊಂದು ಬದಿ ತಂಪಾಗಿರಬೇಕು. ಥರ್ಮಾಮೀಟರನ್ನು ಹಕ್ಕಿ ಕೂತ ಎತ್ತರದಲ್ಲೇ ಇಟ್ಟು ನೋಡಿ, 29ರಿಂದ 32 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ಕೊಕ್ಕು ತೆರೆದು ಏದುಸಿರು ಬಿಡುತ್ತ ರೆಕ್ಕೆಯನ್ನು ಮೈಯಿಂದ ದೂರ ಹಿಡಿದರೆ ಬಿಸಿ ಅತಿಯಾಗಿದೆ. ತಣ್ಣಗಾದ ಬಾಟಲಿ ತಿರುಗಿ ಹಕ್ಕಿಯ ಬಿಸಿಯನ್ನೇ ಹೀರುತ್ತದೆ, ನೀರು ಬದಲಿಸುತ್ತಿರಿ.

ಬಿಸಿಲ ಝಳಕ್ಕೆ ಸಿಕ್ಕ ಹಕ್ಕಿಗೆ, ತಲೆಗೆ ಪೆಟ್ಟಾದ ಹಕ್ಕಿಗೆ ಈ ಕಾವು ಕೂಡದು.

ನಿಶ್ಶಕ್ತಿ ಎಂದು ಸಕ್ಕರೆ ನೀರನ್ನು ಬಾಯಿಗೆ ಹುಯ್ಯುವವರಿದ್ದಾರೆ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ನುಂಗಲಾಗದ ಹಕ್ಕಿಗೆ ಆ ನೀರು ನೇರ ಉಸಿರಿನ ದಾರಿಗೆ ಇಳಿಯುತ್ತದೆ. ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುತ್ತಿದ್ದರಂತೂ ಬೆಳಗಾಗಲಿ ಎಂದು ಕಾಯಬೇಡಿ.

ಪ್ರಶ್ನೆ: ರೆಕ್ಕೆಯ ಹೊಸ ಗರಿ ಮುರಿದು ರಕ್ತ ಸುರಿದರೆ?

ಬೆಳೆಯುತ್ತಿರುವ ಗರಿಯ ಕೊಳವೆಯಲ್ಲಿ ರಕ್ತ ಹರಿಯುತ್ತಿರುತ್ತದೆ. ಹಕ್ಕಿಯ ರಕ್ತ ಅದರ ತೂಕದ ಸುಮಾರು ಹತ್ತನೇ ಒಂದು ಭಾಗ. ಬಜರಿಗರ್‌ಗೆ ಎಲ್ಲ ಸೇರಿದರೂ ಒಂದು ಟೀ ಚಮಚ ತುಂಬದು, ಹಾಗಾಗಿ ಹತ್ತಿಪ್ಪತ್ತು ಹನಿ ಹೋದರೂ ದೊಡ್ಡ ನಷ್ಟ. ಟವೆಲ್ ಸುತ್ತಿ ಹಿಡಿಯುವಾಗ ಎದೆ ಒತ್ತಬೇಡಿ. ಹಕ್ಕಿಗೆ ನಮಗಿರುವಂಥ ವಪೆ (ಎದೆ, ಹೊಟ್ಟೆಯ ನಡುವೆ ಇದ್ದು ಉಸಿರೆಳೆಯುವ ಸ್ನಾಯುವಿನ ಪರದೆ) ಇಲ್ಲ, ಎದೆಗೂಡು ಅಲುಗಾಡದಿದ್ದರೆ ಉಸಿರೇ ನಿಂತೀತು. ಮುರಿದ ತುದಿಗೆ ಕಾರ್ನ್‌ಫ್ಲೋರ್ ಮೆತ್ತಿ, ಗಾಜ್ ಇಟ್ಟು ಎರಡು ಬೆರಳಲ್ಲಿ ಒತ್ತಿ ಹಿಡಿಯಿರಿ. ಎರಡು ನಿಮಿಷ ತೆಗೆದು ನೋಡಬೇಡಿ, ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಐದು ನಿಮಿಷದಲ್ಲಿ ನಿಲ್ಲದಿದ್ದರೆ ಒತ್ತಿಕೊಂಡೇ ಹೊರಡಿ. ಗರಿಯನ್ನು ನೀವೇ ಕೀಳಲು ಹೋಗಬೇಡಿ. ಎಳೆತಕ್ಕೆ ಸಣ್ಣ ಹಕ್ಕಿಯ ರೆಕ್ಕೆಯ ಎಲುಬೇ ಮುರಿಯಬಹುದು. ಅಂಗಡಿಯಲ್ಲಿ ಸಿಗುವ, ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪುಡಿ ಉಗುರಿಗೆ ಸರಿ, ಚರ್ಮದ ಗಾಯವನ್ನು ಸುಡುತ್ತದೆ.

ಪ್ರಶ್ನೆ: ಬೆಕ್ಕು ಬಾಯಿ ಹಾಕಿತ್ತು. ಗಾಯ ಕಾಣುತ್ತಿಲ್ಲ, ಹಕ್ಕಿ ತಿನ್ನುತ್ತಿದೆ. ಕಾದು ನೋಡಬಹುದೇ?

ಬೇಡ. ಬೆಕ್ಕಿನ ಹಲ್ಲು ಸೂಜಿಯಷ್ಟು ತೂತು ಮಾಡಿರುತ್ತದೆ, ಪುಕ್ಕದಡಿ ಕಾಣದು. ಅದರ ಬಾಯಲ್ಲಿರುವ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ಹಕ್ಕಿಯ ರಕ್ತ ಸೇರಿದರೆ ಒಂದೆರಡು ದಿನದಲ್ಲೇ ಕೊಲ್ಲಬಲ್ಲದು. ಕೆಲವೇ ಗಂಟೆಗಳಲ್ಲಿ ಆಂಟಿಬಯೋಟಿಕ್ ಶುರುವಾಗಬೇಕು.

ಪ್ರಶ್ನೆ: ಆಸ್ಪತ್ರೆಗೆ ಒಯ್ಯುವುದು ಹೇಗೆ?

ಚಿಕ್ಕ ಡಬ್ಬಿಯಲ್ಲಿ, ಬಟ್ಟೆ ಹೊದಿಸಿ. ನೀರಿನ ಬಟ್ಟಲು ಬೇಡ, ಚೆಲ್ಲಿ ಮೈ ಒದ್ದೆಯಾಗುತ್ತದೆ. ಬದಲಿಗೆ ಸೌತೆಕಾಯಿ ಹೋಳು ಹಾಕಿ. ತೂಕದ ಪುಸ್ತಕ, ತಿನ್ನಿಸುತ್ತಿದ್ದ ಕಾಳಿನ ಪೊಟ್ಟಣ ಜೊತೆಗಿರಲಿ. ಪಂಜರದ ತಳದ ಕಾಗದವನ್ನೂ ಮಡಚಿ ಒಯ್ಯಿರಿ, ಎಷ್ಟೇ ಗಲೀಜಾಗಿರಲಿ. ಹಿಕ್ಕೆಯ ಬಣ್ಣ, ಅದರಲ್ಲಿನ ಬಿಳಿಯ ಭಾಗ, ನೀರಿನ ಅಂಶ ಮೂರನ್ನೂ ವೈದ್ಯರು ಮೊದಲು ಕೇಳುತ್ತಾರೆ.