ಕಥೆಗಾರ್ತಿ, ನಿರ್ದೇಶಕರು ಒಂದೇ ವೇದಿಕೆಯಲ್ಲಿ ಕೂತಾಗ ಏನು ಕೇಳಬೇಕು?

ನಿಮ್ಮೂರಿನ ಗ್ರಂಥಾಲಯದಲ್ಲಿ ಒಬ್ಬ ಕಥೆಗಾರ್ತಿಯನ್ನೂ ಅವರ ಕಥೆಯನ್ನು ಸಿನಿಮಾ ಮಾಡಿದ ನಿರ್ದೇಶಕರನ್ನೂ ಕೂರಿಸಿ ಸಂವಾದ ನಡೆಸಬೇಕು, ಏನು ಕೇಳಲಿ ಎಂದಿದ್ದೀರಿ. ಇಂಥ ಸಂವಾದಗಳನ್ನು ಕೆಲವು ವರ್ಷಗಳಿಂದ ನಡೆಸಿಕೊಡುತ್ತಿದ್ದೇನೆ. ‘ಸಿನಿಮಾ ಮೂಲಕೃತಿಗೆ ನ್ಯಾಯ ಒದಗಿಸಿದೆಯೇ?’ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಮೊದಲ ಸಲ ನಾನು ಅದನ್ನೇ ಕೇಳಿದ್ದೆ. ಲೇಖಕರು ಸೌಜನ್ಯಕ್ಕೆ ಹೌದೆಂದರು, ನಿರ್ದೇಶಕರು ಕೈಮುಗಿದರು, ಮಾತು ಅಲ್ಲಿಗೇ ನಿಂತಿತು.

ಬದಲಾದ ಒಂದೇ ಒಂದು ವಿವರ ಹಿಡಿದು ಕೇಳಿ. ವೈದೇಹಿಯವರ ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಕಥೆಯನ್ನೇ ನೋಡಿ. ಅದರಲ್ಲಿ ಸಣ್ಣ ಊರಿಗೆ ಸಿನಿಮಾ ಟಾಕೀಸು ಬರುತ್ತದೆ. ಗಿರೀಶ ಕಾಸರವಳ್ಳಿಯವರ 2008ರ ‘ಗುಲಾಬಿ ಟಾಕೀಸ್’ನಲ್ಲಿ ಬರುವುದು ಬಣ್ಣದ ಟಿ.ವಿ. ಮತ್ತು ಡಿಶ್ ಆಂಟೆನಾ. ಕಾಲ ಕಾರ್ಗಿಲ್ ಯುದ್ಧದ ಆಸುಪಾಸಿಗೆ ಸರಿದಿದೆ. ಉಮಾಶ್ರೀಯವರ ಗುಲಾಬಿ ಕರಾವಳಿಯ ಮೀನುಗಾರರ ನಡುವೆ ಒಂಟಿಯಾಗಿರುವ ಮುಸ್ಲಿಂ ಸೂಲಗಿತ್ತಿ. ಟಾಕೀಸಾದರೆ ಟಿಕೆಟ್ ಕೊಂಡವರೆಲ್ಲರದು. ಟಿ.ವಿ. ಇರುವುದು ಗುಲಾಬಿಯ ಮನೆಯೊಳಗೆ. ಅದನ್ನು ನೋಡಬೇಕಾದರೆ ಅವಳ ಹೊಸಿಲು ದಾಟಬೇಕು. ಗಂಡಸರು ಕಡಲಿಗೆ ಹೋದ ಮೇಲೆ ಕೆಲವು ಹೆಂಗಸರು ಒಳಗೆ ಬಂದು ಕೂರುತ್ತಾರೆ, ಕೆಲವರು ಹೊರಗೇ ನಿಂತು ನೋಡುತ್ತಾರೆ, ಕೆಲವರು ಆ ಕಡೆಗೇ ಸುಳಿಯುವುದಿಲ್ಲ. ಒಂದು ವಸ್ತು ಬದಲಾದದ್ದಕ್ಕೆ ಇಡೀ ಊರಿನ ಒಳಗು ಹೊರಗಾಯಿತು! ‘ಟಾಕೀಸು ಹೋಗಿ ಟಿ.ವಿ. ಬಂದಾಗ ಮತ್ತೇನೇನು ಬದಲಾಯಿಸಬೇಕಾಯಿತು?’ ಎಂದು ಕೇಳಿದರೆ ನಿರ್ದೇಶಕರಿಗೆ ಹೇಳಲು ಬೇಕಾದಷ್ಟಿರುತ್ತದೆ. ಅದೇ ಎಳೆ ಹಿಡಿದು ಲೇಖಕಿಯ ಕಡೆ ತಿರುಗಿ: ಬರೆಯುವಾಗ ಟಾಕೀಸೇ ಏಕೆ ಬೇಕಿತ್ತು?

1962ರಲ್ಲಿ ಫ್ರಾನ್ಸ್‌ನ ನಿರ್ದೇಶಕ ಟ್ರುಫೋ ಹಾಲಿವುಡ್‌ಗೆ ಹೋಗಿ ರೋಚಕ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಜೊತೆ ದಿನಗಟ್ಟಲೆ ಮಾತಾಡಿದ್ದೂ ಹೀಗೇ, ಒಂದೊಂದೇ ಸಿನಿಮಾ ಎತ್ತಿಕೊಂಡು. ಟ್ರುಫೋಗೆ ಇಂಗ್ಲಿಷ್ ಅಷ್ಟಾಗಿ ಬಾರದು, ನಡುವೆ ದುಭಾಷಿ ಹೆಲೆನ್ ಸ್ಕಾಟ್. ಆದರೂ ಆ ಮಾತುಕತೆ ದೊಡ್ಡ ಪುಸ್ತಕವಾಯಿತು, ಏಕೆಂದರೆ ಕೇಳಿದವರು ಅಷ್ಟು ತಯಾರಾಗಿ ಹೋಗಿದ್ದರು.

ನೀವೂ ಕಥೆಯನ್ನು ಎರಡು ಸಲ ಓದಿ, ಸಿನಿಮಾವನ್ನು ಹಿಂದಿನ ದಿನ ನೋಡಿ. ಸಭೆಯಲ್ಲಿ ಕಥೆ ಓದದವರೂ ಇರುತ್ತಾರೆ. ಹಾಗಾಗಿ ಮೊದಲು ಲೇಖಕಿಯಿಂದಲೇ ಒಂದು ಪುಟ ಓದಿಸಿ, ಆಮೇಲೆ ಅದೇ ಸನ್ನಿವೇಶವನ್ನು ತೆರೆಯ ಮೇಲೆ ತೋರಿಸಿ. ಪರದೆ ಆರಿದ ಮೇಲೆ ಒಂದು ನಿಮಿಷ ನೀವು ಸುಮ್ಮನಿರಿ. ಮೊದಲು ಅವರಿಬ್ಬರೇ ಮಾತಾಡಿಕೊಳ್ಳಲಿ.