ಕ್ಲೋನ್ ಮಾಡಿದ ಹಸು ಕಟ್ಟಿದರೆ ಡೈರಿಯಲ್ಲಿ ಲಾಭ ಆಗುತ್ತದಾ?

ಉಡುಪಿ ಹತ್ತಿರ ಹತ್ತು ದನದ ಡೈರಿ ಹಾಕಬೇಕು, ದಿನಕ್ಕೆ 25 ಲೀಟರ್ ಕೊಡುವ ದನದ ಕ್ಲೋನ್, ಅಂದರೆ ಅದರದೇ ಜೀವಕೋಶದಿಂದ ಲ್ಯಾಬ್‌ನಲ್ಲಿ ಮಾಡಿದ ನಕಲು, ಸಿಕ್ಕಿದರೆ ದುಡ್ಡು ಹಾಕಬಹುದಾ ಎಂದು ಕೇಳಿದ್ದೀರಿ. ಆ 25 ಲೀಟರ್ ನೋಡಿದ್ದೇ ನನ್ನ ಹಟ್ಟಿ ನೆನಪಾಯಿತು.

ನಮ್ಮದು ಕಾರ್ಕಳ ತಾಲೂಕು. 2016ರ ಮೇ ಕೊನೆಗೆ ಘಟ್ಟದ ಮೇಲಿಂದ ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್, ಹೆಚ್ಚು ಹಾಲಿನ ವಿದೇಶಿ ತಳಿ) ದನ ತಂದೆ. ಕರು ಹಾಕಿ ಇಪ್ಪತ್ತು ದಿನ ಆಗಿತ್ತು. ಅಲ್ಲೇ ಉಳಿದು ಎರಡು ಹೊತ್ತೂ ಎದುರಿಗೇ ಕರೆಸಿ ಅಳೆಸಿದ್ದೆ. ಒಂದು 24 ಲೀಟರ್, ಇನ್ನೊಂದು 22. ಮಾರಿದವರು ಮೋಸ ಮಾಡಲಿಲ್ಲ. ತಪ್ಪು ನನ್ನದೇ.

ಅಲ್ಲಿ ಅವು ಏನು ತಿನ್ನುತ್ತಿದ್ದವು ಎಂದು ನಾನು ಕೇಳಲೇ ಇಲ್ಲ. ಮೆಕ್ಕೆಜೋಳದ ಸೈಲೇಜ್ (ಗಾಳಿಯಾಡದಂತೆ ಮುಚ್ಚಿಟ್ಟು ಹುಳಿ ಬರಿಸಿದ ಹಸಿ ಮೇವು) ತಿಂದು ಬೆಳೆದ ದನಗಳು ಅವು. ಲಾರಿಯಿಂದ ಇಳಿಸಿದ ರಾತ್ರಿಯೇ ನಮ್ಮ ಬೈಹುಲ್ಲು ಹಾಕಿದೆ. ಮೂಸಿ ಬಿಟ್ಟವು. ಹಾಲು ಇಳಿಯುತ್ತದೆ ಎಂಬ ಹೆದರಿಕೆಗೆ ಮೂರನೇ ದಿನ ಹಿಂಡಿ ಜಾಸ್ತಿ ಮಾಡಿದೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ದನದ ಹೊಟ್ಟೆಯಲ್ಲಿ ಮೇವು ಕರಗಿಸುವುದು ಕಣ್ಣಿಗೆ ಕಾಣದ ಜೀವಿಗಳು. ಹೊಸ ಮೇವಿಗೆ ಒಗ್ಗಲು ಅವಕ್ಕೆ ಎರಡು ಮೂರು ವಾರ ಬೇಕು. ಅಷ್ಟರೊಳಗೆ ಹಿಂಡಿ ಸುರಿದರೆ ಹೊಟ್ಟೆ ಹುಳಿಯಾಗುತ್ತದೆ, ಮೆಲುಕು ನಿಲ್ಲುತ್ತದೆ, ಸಗಣಿ ನೀರಾಗುತ್ತದೆ. ಮೂರೂ ಆಯಿತು. ಅದೇ ಲಾರಿಯಲ್ಲಿ ಮೂರು ವಾರಕ್ಕಾಗುವಷ್ಟು ಸೈಲೇಜ್ ಹೇರಿಕೊಂಡು ಬಂದು, ದಿನಾ ಸ್ವಲ್ಪ ಸ್ವಲ್ಪ ಬದಲಿಸಿದ್ದರೆ ಸಾಕಿತ್ತು.

ತಪ್ಪಿದ ಸಮಯವೂ ಕೆಟ್ಟದ್ದು. ಕರು ಹಾಕಿ ಆರರಿಂದ ಎಂಟು ವಾರಕ್ಕೆ ಹಾಲು ತುದಿಗೆ ಏರುತ್ತದೆ. ಆ ತುದಿಯಲ್ಲಿ ಒಂದು ಲೀಟರ್ ತಪ್ಪಿದರೆ ಇಡೀ ಸೂಲಿನಲ್ಲಿ ಸುಮಾರು 200 ಲೀಟರ್ ಹೋದ ಲೆಕ್ಕ. ಜೂನ್ ಮಧ್ಯಕ್ಕೆ ನಮ್ಮದು ಒಂದೊಂದಕ್ಕೆ 11 ಲೀಟರ್. ಮಳೆ ಹಿಡಿಯಿತು, ಹಟ್ಟಿಯ ನೆಲ ಒಣಗಲೇ ಇಲ್ಲ, ಒಂದಕ್ಕೆ ಕೆಚ್ಚಲು ಬಾವು ಬಂದು ಒಂದು ಮೊಲೆ ಬತ್ತಿತು. ಸಾಲದ ಕಂತು ಮಾತ್ರ ಇಳಿಯಲಿಲ್ಲ.

ಈಗ ಹೇಳಿ, ಆ ದನಕ್ಕೆ ಇದಕ್ಕಿಂತ ಒಳ್ಳೆಯ ನಕಲು ಇರುತ್ತದಾ? ನಕಲು ಅಲ್ಲ, ಅದೇ ದನ ನನ್ನ ಹಟ್ಟಿಯಲ್ಲಿ ನಿಂತಿತ್ತು. ಆದರೂ ಹಾಲು ಅರ್ಧಕ್ಕೆ ಇಳಿಯಿತು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ನನಗೆ ಸರಿ ಕಾಣುವುದಿಲ್ಲ. ಕ್ಲೋನ್ ಇರುವುದು ಕರೆಯುವ ಹಟ್ಟಿಗಲ್ಲ. ಹರಿಯಾಣದ ಕರ್ನಾಲ್‌ನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯಲ್ಲಿ (ಎನ್‌ಡಿಆರ್‌ಐ) 2023ರ ಮಾರ್ಚ್‌ನಲ್ಲಿ ಗಂಗಾ ಎಂಬ ಗಿರ್ ಕರು ಹುಟ್ಟಿತಲ್ಲ, ಅದಕ್ಕೆ ಜೀವಕೋಶ ಗಿರ್ ದನದ್ದು, ಅಂಡ ಸಾಹಿವಾಲ್‌ದ್ದು, ಹೊತ್ತು ಹೆತ್ತದ್ದು ಒಂದು ಮಿಶ್ರತಳಿ ದನ. ಒಂದು ಕರುವಿಗೆ ಮೂರು ದನ, ಮೇಲೆ ದೊಡ್ಡ ಲ್ಯಾಬ್. 1996ರಲ್ಲಿ ಡಾಲಿ ಕುರಿ ಹುಟ್ಟಿದ್ದು 277 ಪ್ರಯತ್ನಗಳಲ್ಲಿ ಒಂದಾಗಿ. ಒಳ್ಳೆಯ ಹೋರಿಯ ಕ್ಲೋನ್ ಮಾಡಿದರೆ ಅದಕ್ಕೊಂದು ಅರ್ಥ ಇದೆ, ಅದರ ವೀರ್ಯ ಸಾವಿರಾರು ಹಟ್ಟಿಗೆ ಹೋಗುತ್ತದೆ. ನಿಮಗೆ ಬೇಕಾದದ್ದು ಆ ವೀರ್ಯ ತುಂಬಿದ ಕಡ್ಡಿ. ಲಿಂಗ ಬೇರ್ಪಡಿಸಿದ ವೀರ್ಯ ಹಾಕಿಸಿದರೆ ನೂರಕ್ಕೆ ತೊಂಬತ್ತರಷ್ಟು ಹೆಣ್ಣು ಕರುವೇ.

ಹತ್ತು ಬೇಡ, ಮೂರು ಜೆರ್ಸಿ ಕ್ರಾಸ್ ಕಟ್ಟಿ. ಅದಕ್ಕೂ ಮೊದಲು ಅರ್ಧ ಎಕರೆ ನೇಪಿಯರ್ ಹುಲ್ಲು ನೆಡಿ, ಹಟ್ಟಿಯ ನೆಲಕ್ಕೆ ಇಳಿಜಾರು ಕೊಡಿ. ಅಂದು ಲಾರಿಯಲ್ಲಿ ತಾಯಿಯ ಜೊತೆ ಬಂದ ಕರುವೊಂದು ನಮ್ಮ ನೇಪಿಯರ್ ತಿಂದೇ ಬೆಳೆಯಿತು. ಎರಡನೇ ಸೂಲಿನಲ್ಲಿ 15 ಲೀಟರ್ ಕೊಟ್ಟಿತು, ಮಳೆಗಾಲದಲ್ಲೂ.