ಶಾಲೆ ಕಟ್ಟಲು ಊರು ಮಾಡುವ ಸಾಲ: ಮತ ಹಾಕುವ ಮುನ್ನ

ಅಮೆರಿಕದ ಸಣ್ಣ ಊರುಗಳಲ್ಲಿ ನೆಲೆಸಿರುವ ಓದುಗರು ಅಲ್ಲಿನ ಸ್ಥಳೀಯ ಚುನಾವಣೆಗಳ ಬಗ್ಗೆ ಕಳಿಸಿದ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಸಲ ಆರಿಸಿಕೊಂಡಿದ್ದೇನೆ. ನಾಲ್ಕೂ ಸಾರ್ವಜನಿಕ ಕಟ್ಟಡಗಳಿಗೆ ಹಣ ಒದಗಿಸುವ ಮತದಾನಕ್ಕೆ ಸಂಬಂಧಿಸಿದವು.

ಪ್ರಶ್ನೆ: ಪೌರತ್ವ ದೊರೆತ ಮೇಲೆ ಇದೇ ಮೊದಲ ಸಲ ಊರಿನ ಚುನಾವಣೆಯಲ್ಲಿ ಮತ ಹಾಕಲಿದ್ದೇನೆ. ಮತಪತ್ರದಲ್ಲಿ ಸ್ಕೂಲ್ ಬೋರ್ಡಿನ ಅಭ್ಯರ್ಥಿಗಳ ಹೆಸರುಗಳ ಕೆಳಗೆ, ಹೊಸ ಪ್ರಾಥಮಿಕ ಶಾಲೆಗಾಗಿ 3 ಕೋಟಿ ಡಾಲರ್ ಮೊತ್ತದ ಬಾಂಡ್ ಹೊರಡಿಸಬಹುದೇ ಎಂದು ಕೇಳಿದ್ದಾರೆ. ಶಾಲೆಯವರ ಕರಪತ್ರದಲ್ಲಿ ‘ತೆರಿಗೆ ದರ ಏರುವುದಿಲ್ಲ’ ಎಂದಿದೆ. ನೆರೆಮನೆಯವರು ಅದು ಶುದ್ಧ ಸುಳ್ಳು ಎನ್ನುತ್ತಾರೆ. ಯಾರನ್ನು ನಂಬಲಿ? ನನ್ನ ಮನೆಯ ಮೇಲೆ ಎಷ್ಟು ಹೊರೆ ಬೀಳುತ್ತದೆಂದು ತಿಳಿಯುವುದು ಹೇಗೆ?

ಉತ್ತರ: ಕರಪತ್ರದ ಮಾತು ಅಕ್ಷರಶಃ ನಿಜವಿರಬಹುದು, ನಿಮ್ಮ ನೆರೆಯವರ ಸಿಟ್ಟಿಗೂ ಕಾರಣವಿರಬಹುದು. ಮೊದಲು ಮತಪತ್ರ ನಿಮ್ಮನ್ನು ಏನು ಕೇಳುತ್ತಿದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಶಾಲೆ ಬೇಕೇ ಬೇಡವೇ ಎಂದು ಅದು ಕೇಳುತ್ತಿಲ್ಲ. ಆ ಶಾಲೆಗಾಗಿ ಊರು ಇಷ್ಟು ಮೊತ್ತದ ಸಾಲ ಎತ್ತಬಹುದೇ, ಅದನ್ನು ತೀರಿಸಲು ನಿಮ್ಮ ಆಸ್ತಿಯ ಮೇಲೆ ತೆರಿಗೆ ಹಾಕಬಹುದೇ ಎಂದು ಒಪ್ಪಿಗೆ ಕೇಳುತ್ತಿದೆ. ಬಾಂಡ್ ಎಂದರೆ ಊರಿನ ಅಥವಾ ಶಾಲಾ ಜಿಲ್ಲೆಯ (ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯ) ಹೆಸರಿನಲ್ಲಿ ಬರೆದುಕೊಟ್ಟ ಸಾಲಪತ್ರ. ಅದನ್ನು ಕೊಂಡವರಿಗೆ ಸಾಮಾನ್ಯವಾಗಿ 20 ರಿಂದ 30 ವರ್ಷಗಳವರೆಗೆ ಅಸಲು ಮತ್ತು ಬಡ್ಡಿ ಸಲ್ಲುತ್ತದೆ. ಇಂಥ ಸಾಲಪತ್ರಗಳ ಬಡ್ಡಿಗೆ ಸಾಮಾನ್ಯವಾಗಿ ಕೇಂದ್ರದ ಆದಾಯ ತೆರಿಗೆ ಇಲ್ಲದಿರುವುದರಿಂದ ಹೂಡಿಕೆದಾರರು ಕಡಿಮೆ ಬಡ್ಡಿಗೂ ಒಪ್ಪುತ್ತಾರೆ. ಸಣ್ಣ ಊರೊಂದಕ್ಕೆ ಕೋಟಿಗಟ್ಟಲೆ ಸಾಲ ಅಗ್ಗವಾಗಿ ಸಿಗಲು ಇದೂ ಒಂದು ಕಾರಣ.

‘ತೆರಿಗೆ ದರ ಏರುವುದಿಲ್ಲ’ ಎಂಬ ಮಾತಿನ ಹಿಂದೆ ಸಾಮಾನ್ಯವಾಗಿ ಒಂದು ಹಳೆಯ ಸಾಲ ಇರುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಪ್ರೌಢಶಾಲೆ ಕಟ್ಟಲು ಮಾಡಿದ ಸಾಲದ ಕೊನೆಯ ಕಂತು ಈಗ ಮುಗಿಯುತ್ತಿದೆ ಎಂದುಕೊಳ್ಳಿ. ಹೊಸ ಸಾಲ ಮಾಡದಿದ್ದರೆ ಆ ಕಂತಿಗಾಗಿ ನೀವು ಕಟ್ಟುತ್ತಿದ್ದ ತೆರಿಗೆ ನಿಲ್ಲುತ್ತಿತ್ತು, ದರ ಇಳಿಯುತ್ತಿತ್ತು. ಹೊಸ ಸಾಲ ಅದೇ ಜಾಗಕ್ಕೆ ಬಂದು ಕೂತಿದ್ದರಿಂದ ದರ ಇದ್ದಲ್ಲೇ ಇದೆ. ಕಾರಿನ ಸಾಲ ತೀರಿದ ತಿಂಗಳೇ ಅಷ್ಟೇ ಕಂತಿಗೆ ಇನ್ನೊಂದು ಕಾರು ಕೊಂಡವನು ‘ನನ್ನ ಖರ್ಚೇನೂ ಹೆಚ್ಚಾಗಿಲ್ಲ’ ಎಂದರೆ ಅವನು ಸುಳ್ಳು ಹೇಳಿದಂತಾಗುವುದಿಲ್ಲ, ಆದರೆ ಎರಡನೆಯ ಕಾರು ಪುಕ್ಕಟೆಯಾಗಿಯೂ ಬಂದಿರುವುದಿಲ್ಲ. ಆದ್ದರಿಂದ ಈಗಿನ ದರದೊಂದಿಗೆ ಹೋಲಿಸಬೇಡಿ. ಈ ಸಾಲ ಇಲ್ಲದಿದ್ದರೆ ಮುಂದಿನ ವರ್ಷಗಳಲ್ಲಿ ದರ ಎಷ್ಟಿರುತ್ತಿತ್ತು ಎಂದು ಶಾಲಾ ಜಿಲ್ಲೆಯ ಹಣಕಾಸು ಅಧಿಕಾರಿಯನ್ನು ಕೇಳಿ, ಅದರೊಂದಿಗೆ ಹೋಲಿಸಿ. ಟೆಕ್ಸಾಸ್ ರಾಜ್ಯ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೋಗಿದೆ. ಅಲ್ಲಿ 2019ರ ಕಾನೂನಿನ ಪ್ರಕಾರ ಶಾಲಾ ಬಾಂಡಿನ ಪ್ರತಿಯೊಂದು ಪ್ರಶ್ನೆಯ ಜೊತೆಗೂ ‘ಇದು ಆಸ್ತಿ ತೆರಿಗೆಯ ಏರಿಕೆ’ ಎಂದು ಮುದ್ರಿಸಲೇಬೇಕು, ದರ ಒಂದು ಸೆಂಟೂ ಏರದಿದ್ದರೂ ಸರಿ. ಎರಡು ಬರಹಗಳೂ ಮತದಾರನ ಪರವಾಗಿ ಯೋಚಿಸಿ ಮುಗಿಸಿಬಿಡುತ್ತವೆ ಎಂಬುದು ನನ್ನ ಆಕ್ಷೇಪ.

ಲೆಕ್ಕವನ್ನು ನೀವೇ ಮಾಡಬಹುದು. 3 ಕೋಟಿ ಡಾಲರ್ ಸಾಲಕ್ಕೆ ಶೇಕಡಾ 4ರ ಬಡ್ಡಿ, 20 ವರ್ಷಗಳ ಸಮಾನ ಕಂತು ಎಂದು ಉದಾಹರಣೆಗೆ ಹಿಡಿದರೆ ವರ್ಷಕ್ಕೆ ಸುಮಾರು 22 ಲಕ್ಷ ಡಾಲರ್ ಕಟ್ಟಬೇಕಾಗುತ್ತದೆ, ಕೊನೆಗೆ ಒಟ್ಟು ತೆತ್ತದ್ದು ಸುಮಾರು 4 ಕೋಟಿ 41 ಲಕ್ಷ ಡಾಲರ್ ಆಗುತ್ತದೆ. ಆ ಶಾಲಾ ಜಿಲ್ಲೆಯಲ್ಲಿ ತೆರಿಗೆಗೆ ಒಳಪಡುವ ಆಸ್ತಿಗಳ ಒಟ್ಟು ಮೌಲ್ಯ 90 ಕೋಟಿ ಡಾಲರ್ ಇದ್ದರೆ, ಪ್ರತಿ 1,000 ಡಾಲರ್ ಮೌಲ್ಯಕ್ಕೆ 2 ಡಾಲರ್ 45 ಸೆಂಟ್ ಬೀಳುತ್ತದೆ. ಸಾವಿರಕ್ಕೆ ಒಂದು ಡಾಲರಿನ ಲೆಕ್ಕಕ್ಕೆ ಮಿಲ್ ಎನ್ನುತ್ತಾರೆ, ಅಂದರೆ ಇದು ಸುಮಾರು ಎರಡೂವರೆ ಮಿಲ್. ತೆರಿಗೆಗಾಗಿ ನಿಗದಿಪಡಿಸಿದ ಮೌಲ್ಯ 3 ಲಕ್ಷ ಡಾಲರ್ ಇರುವ ಮನೆಗೆ ವರ್ಷಕ್ಕೆ ಸುಮಾರು 736 ಡಾಲರ್, ತಿಂಗಳಿಗೆ ಅರವತ್ತೊಂದು. ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ತೆರಿಗೆಗಾಗಿ ನಿಗದಿಪಡಿಸುವ ಮೌಲ್ಯ ಎಲ್ಲ ರಾಜ್ಯಗಳಲ್ಲೂ ಮಾರುಕಟ್ಟೆಯ ಬೆಲೆಯೇ ಆಗಿರುವುದಿಲ್ಲ. ಮಿಷಿಗನ್ನಿನಲ್ಲಿ ಅದನ್ನು ಮಾರುಕಟ್ಟೆ ಬೆಲೆಯ ಅರ್ಧಕ್ಕೆ ನಿಗದಿಪಡಿಸುತ್ತಾರೆ, ಕ್ಯಾನ್ಸಸ್‌ನಲ್ಲಿ ವಾಸದ ಮನೆಗಳಿಗೆ ಬೆಲೆಯ ಶೇಕಡಾ 11.5ರಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಮನೆ ಕೊಂಡ ಬೆಲೆಯನ್ನು ಬದಿಗಿಟ್ಟು, ತೆರಿಗೆಯ ಬಿಲ್ಲಿನಲ್ಲಿ ಅಚ್ಚಾಗಿರುವ ಮೌಲ್ಯವನ್ನೇ ತೆಗೆದುಕೊಳ್ಳಿ.

ಇನ್ನೊಂದು ಸಂಗತಿ. ಬಾಂಡಿನ ಹಣ ಕಟ್ಟಡ, ಜಮೀನು, ದೊಡ್ಡ ಉಪಕರಣಗಳಂಥ ಬಾಳಿಕೆಯ ವಸ್ತುಗಳಿಗೆ ಮೀಸಲು. ಶಿಕ್ಷಕರ ಸಂಬಳಕ್ಕೆ, ದಿನನಿತ್ಯದ ವಿದ್ಯುತ್ತಿಗೆ ಅದು ಒದಗುವುದಿಲ್ಲ. ‘ಕಟ್ಟಡಕ್ಕೆ ಸುರಿಯುವ ಬದಲು ಶಿಕ್ಷಕರಿಗೆ ಕೊಡಿ’ ಎಂಬ ವಾದ ಪ್ರತಿ ಚುನಾವಣೆಯಲ್ಲೂ ಕೇಳಿಬರುತ್ತದೆ. ಈ ಮತದಿಂದ ಅದು ಸಾಧ್ಯವಿಲ್ಲ, ಅದಕ್ಕೆ ಬೇರೆಯದೇ ತೆರಿಗೆ, ಬೇರೆಯದೇ ತೀರ್ಮಾನ ಬೇಕು. ಆದರೆ ಇದೇ ವಾದವನ್ನು ತಿರುಗಿಸಿ, ಹೊಸ ಕಟ್ಟಡ ತೆರೆದ ಮೇಲೆ ಅದನ್ನು ನಡೆಸುವ ವಾರ್ಷಿಕ ಖರ್ಚು ಎಷ್ಟು, ಅದು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಪ್ರಶ್ನೆಗೆ ತೂಕ ಬರುತ್ತದೆ. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಅಮೆರಿಕದ ಊರುಗಳಿಗೆ 1,600ಕ್ಕೂ ಹೆಚ್ಚು ಗ್ರಂಥಾಲಯ ಕಟ್ಟಡಗಳನ್ನು ದಾನ ಮಾಡಿದಾಗ ಇದನ್ನೇ ಷರತ್ತಾಗಿ ಹಾಕುತ್ತಿದ್ದ. ಜಾಗ ಊರಿನದು, ಜೊತೆಗೆ ದಾನದ ಮೊತ್ತದ ಶೇಕಡಾ 10ರಷ್ಟನ್ನು ಊರು ಪ್ರತಿವರ್ಷ ಗ್ರಂಥಾಲಯ ನಡೆಸಲು ಎತ್ತಿಡುವುದಾಗಿ ಒಪ್ಪಬೇಕು. ಪುಕ್ಕಟೆ ಕಟ್ಟಡ ಸಿಗುತ್ತಿದ್ದರೂ ಈ ಷರತ್ತಿನ ಕಾರಣದಿಂದಲೇ ಬೇಡವೆಂದ ಊರುಗಳಿದ್ದವು.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಚಿಕ್ಕ ಪಟ್ಟಣವೊಂದರಲ್ಲಿದ್ದೇವೆ. ನಗರದ ಗ್ರಂಥಾಲಯಕ್ಕಾಗಿ ಇಟ್ಟ ಬಾಂಡಿಗೆ ಶೇಕಡಾ 60ರಷ್ಟು ಮತದಾರರು ‘ಹೌದು’ ಎಂದರೂ ಅದು ಬಿದ್ದುಹೋಯಿತು. ಅದಕ್ಕೂ ಮೊದಲು ಶಾಲೆಯ ಬಾಂಡ್ ಶೇಕಡಾ 57ಕ್ಕೇ ಗೆದ್ದಿತ್ತು. ಇದು ಯಾವ ನ್ಯಾಯ?

ಉತ್ತರ: ಎಣಿಕೆಯಲ್ಲಿ ತಪ್ಪಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆಸ್ತಿ ತೆರಿಗೆಯಿಂದ ತೀರಿಸುವ ಸ್ಥಳೀಯ ಬಾಂಡುಗಳಿಗೆ ಮೂರರಲ್ಲಿ ಎರಡು ಪಾಲು ಮತ ಬೇಕು. 2000ದಲ್ಲಿ ಅಂಗೀಕಾರವಾದ 39ನೆಯ ಪ್ರಸ್ತಾವ ಶಾಲಾ ಕಟ್ಟಡಗಳಿಗೆ ಮಾತ್ರ ಈ ಮಿತಿಯನ್ನು ಶೇಕಡಾ 55ಕ್ಕೆ ಇಳಿಸಿತು, ಅದಕ್ಕೆ ಪ್ರತಿಯಾಗಿ ಖರ್ಚಿನ ಮೇಲೆ ಕಣ್ಣಿಡಲು ನಾಗರಿಕರ ಸಮಿತಿ ಇರಬೇಕೆಂದು ವಿಧಿಸಿತು. ಗ್ರಂಥಾಲಯ, ಅಗ್ನಿಶಾಮಕ ಠಾಣೆ ಮುಂತಾದವು ಹಳೆಯ ನಿಯಮದ ಕೆಳಗೇ ಉಳಿದವು. ಅವುಗಳಿಗೂ ಶೇಕಡಾ 55 ಸಾಕೆನ್ನುವ 5ನೆಯ ಪ್ರಸ್ತಾವ 2024ರ ನವೆಂಬರಿನಲ್ಲಿ ಮತಕ್ಕೆ ಬಂತು, ರಾಜ್ಯದ ಮತದಾರರು ತಿರಸ್ಕರಿಸಿದರು.

ಮೂರರಲ್ಲಿ ಎರಡು ಪಾಲಿನ ನಿಯಮದ ಬೇರು ಹತ್ತೊಂಬತ್ತನೆಯ ಶತಮಾನದಲ್ಲಿದೆ. ರೈಲು ತಮ್ಮ ಊರಿನ ಮೂಲಕವೇ ಹಾಯಬೇಕೆಂಬ ಆಸೆಯಿಂದ ಎಷ್ಟೋ ಊರುಗಳು ರೈಲು ಕಂಪನಿಗಳಿಗಾಗಿ ಬಾಂಡ್ ಹೊರಡಿಸಿದವು. ಕಂಪನಿಗಳು ಮುಳುಗಿದಾಗ, ಅದರಲ್ಲೂ 1873ರ ಆರ್ಥಿಕ ಕುಸಿತದ ಬಳಿಕ, ಹಳಿಯೂ ಇಲ್ಲದೆ ಸಾಲ ಮಾತ್ರ ಉಳಿಯಿತು. ಆ ಪೆಟ್ಟು ತಿಂದ ರಾಜ್ಯಗಳು ಸ್ಥಳೀಯ ಸಾಲಕ್ಕೆ ಸಂವಿಧಾನದಲ್ಲೇ ಬೇಲಿ ಹಾಕಿದವು. ಕ್ಯಾಲಿಫೋರ್ನಿಯಾದ ಬೇಲಿ 1879ರ ಸಂವಿಧಾನದ್ದು.

ಬೇಲಿಯ ಎತ್ತರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಐಡಹೋದಲ್ಲಿ ಶಾಲಾ ಬಾಂಡಿಗೂ ಮೂರರಲ್ಲಿ ಎರಡು ಪಾಲು ಬೇಕು. ಒಕ್ಲಹೋಮದಲ್ಲಿ ಶೇಕಡಾ 60. ವಾಷಿಂಗ್ಟನ್ ರಾಜ್ಯದಲ್ಲಿ ಶೇಕಡಾ 60ರಷ್ಟು ‘ಹೌದು’ ಮತಗಳ ಜೊತೆಗೆ, ಹಿಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ಬಿದ್ದ ಮತಗಳ ಶೇಕಡಾ 40ರಷ್ಟಾದರೂ ಮತ ಚಲಾವಣೆಯಾಗಿರಬೇಕು. ಮಿಸೌರಿಯಲ್ಲಿ ಮಿತಿ ದಿನಾಂಕದ ಮೇಲೆ ನಿಂತಿದೆ: ಏಪ್ರಿಲ್‌ನ ಸ್ಥಳೀಯ ಚುನಾವಣೆಯ ದಿನ ಇಟ್ಟರೆ ಏಳರಲ್ಲಿ ನಾಲ್ಕು ಪಾಲು ಸಾಕು, ಬೇರೆ ಕೆಲವು ದಿನಗಳಲ್ಲಿ ಇಟ್ಟರೆ ಮೂರರಲ್ಲಿ ಎರಡು ಪಾಲು ಬೇಕು.

ನ್ಯಾಯದ ಮಾತು ಕೇಳಿದ್ದೀರಿ. ಮೂರರಲ್ಲಿ ಎರಡು ಪಾಲಿನ ನಿಯಮದಲ್ಲಿ ಒಂದು ‘ಬೇಡ’ ಎರಡು ‘ಹೌದು’ಗಳಿಗೆ ಸಮ. ಸಾಲ ಇನ್ನೂ ಮತ ಹಾಕುವ ವಯಸ್ಸಾಗದ ಮಕ್ಕಳ ತಲೆಯ ಮೇಲೂ ಬೀಳುವುದರಿಂದ ಸಾಧಾರಣ ಬಹುಮತಕ್ಕಿಂತ ಹೆಚ್ಚಿನದನ್ನು ಕೇಳುವುದು ಸರಿಯೆಂದೇ ನನಗೆ ತೋರುತ್ತದೆ. ಆದರೆ ಶಾಲೆಯ ಇಟ್ಟಿಗೆಗೂ ಗ್ರಂಥಾಲಯದ ಇಟ್ಟಿಗೆಗೂ ಬೇರೆ ಬೇರೆ ಅಳತೆಗೋಲು ಏಕೆಂಬುದಕ್ಕೆ, ಶಾಲೆಯ ಪರವಾಗಿ ಪ್ರಚಾರ ಮಾಡುವವರು ಹೆಚ್ಚು ಸಂಘಟಿತರಾಗಿದ್ದರು ಎಂಬುದಕ್ಕಿಂತ ಒಳ್ಳೆಯ ಸಮರ್ಥನೆ ನನಗೆ ಕಂಡಿಲ್ಲ.

ಪ್ರಶ್ನೆ: ಮ್ಯಾಸಚೂಸೆಟ್ಸ್‌ನ ನಮ್ಮ ಊರಿನಲ್ಲಿ ಅಗ್ನಿಶಾಮಕ ಠಾಣೆಗಾಗಿ ಟೌನ್ ಮೀಟಿಂಗಿನಲ್ಲಿ (ಊರಿನ ಮತದಾರರು ಸೇರಿ ತೀರ್ಮಾನಿಸುವ ಸಭೆಯಲ್ಲಿ) ರಾತ್ರಿ ಹನ್ನೊಂದರವರೆಗೆ ಕೂತು ಮತ ಹಾಕಿದೆವು, ಒಪ್ಪಿಗೆಯೂ ಸಿಕ್ಕಿತು. ಈಗ ಮತಗಟ್ಟೆಗೆ ಬಂದು ಅದಕ್ಕೇ ಇನ್ನೊಮ್ಮೆ ಮತ ಹಾಕಿ ಎನ್ನುತ್ತಿದ್ದಾರೆ. ಒಂದೇ ವಿಷಯಕ್ಕೆ ಎರಡು ಸಲ ಏಕೆ?

ಉತ್ತರ: ಕೇಳುತ್ತಿರುವ ಪ್ರಶ್ನೆಗಳು ಎರಡು, ಕಟ್ಟಡ ಒಂದೇ. ಟೌನ್ ಮೀಟಿಂಗಿನಲ್ಲಿ ನೀವು ಕೊಟ್ಟದ್ದು ಸಾಲ ಎತ್ತಲು ಒಪ್ಪಿಗೆ, ಅದಕ್ಕೆ ಸಭೆಯಲ್ಲಿದ್ದವರ ಮೂರರಲ್ಲಿ ಎರಡು ಪಾಲು ಮತ ಬೇಕು. ಆ ಸಾಲದ ಕಂತನ್ನು ಎಲ್ಲಿಂದ ಕಟ್ಟುವುದು ಎಂಬುದು ಎರಡನೆಯ ಪ್ರಶ್ನೆ. 1980ರಲ್ಲಿ ಮ್ಯಾಸಚೂಸೆಟ್ಸ್‌ನ ಮತದಾರರು ‘ಎರಡೂವರೆ’ ಎಂದು ಹೆಸರಾದ ಪ್ರಸ್ತಾವವನ್ನು ಅಂಗೀಕರಿಸಿದರು. ಅದರಂತೆ ಹೊಸ ನಿರ್ಮಾಣಗಳಿಂದ ಬರುವುದನ್ನು ಬಿಟ್ಟರೆ, ಊರು ಎತ್ತುವ ಒಟ್ಟು ಆಸ್ತಿ ತೆರಿಗೆಯ ಮಿತಿ ವರ್ಷಕ್ಕೆ ಶೇಕಡಾ 2.5ಕ್ಕಿಂತ ಹೆಚ್ಚು ಬೆಳೆಯುವಂತಿಲ್ಲ. ಠಾಣೆಯ ಕಂತನ್ನು ಈ ಮಿತಿಯೊಳಗೇ ತುರುಕಿದರೆ ರಸ್ತೆಗೋ ಶಾಲೆಗೋ ಹೋಗುವ ಹಣ ಕಡಿತವಾಗುತ್ತದೆ. ಸಾಲ ತೀರುವವರೆಗೆ ಮಾತ್ರ ಆ ಕಂತನ್ನು ಮಿತಿಯ ಹೊರಗಿಡಿ ಎಂದು ಹೇಳುವ ಅಧಿಕಾರ ಟೌನ್ ಮೀಟಿಂಗಿಗೆ ಇಲ್ಲ. ಅದನ್ನು ಊರಿನ ಮತದಾರರು ಮತಪೆಟ್ಟಿಗೆಯಲ್ಲೇ ಹೇಳಬೇಕು. ಅಲ್ಲಿ ಸಾಧಾರಣ ಬಹುಮತ ಸಾಕು. ಸಾಲ ತೀರಿದ ವರ್ಷ ಈ ಹೆಚ್ಚುವರಿ ತೆರಿಗೆಯೂ ತೀರುತ್ತದೆ. ಮಿತಿಯನ್ನೇ ಕಾಯಂ ಆಗಿ ಏರಿಸಿ ಎಂದು ಕೇಳುವ ಇನ್ನೊಂದು ಬಗೆಯ ಪ್ರಶ್ನೆಯೂ ಇದೆ, ಅದು ಬೇರೆ. ಎರಡರಲ್ಲಿ ನಿಮ್ಮ ಮುಂದಿರುವುದು ಯಾವುದು ಎಂದು ಮತಪತ್ರದ ಪದಗಳನ್ನು ನಿಧಾನವಾಗಿ ಓದಿಯೇ ತಿಳಿದುಕೊಳ್ಳಬೇಕು.

ಮೀಟಿಂಗಿಗೆ ಬರುವವರು ಒಂದು ಗುಂಪು, ಮತಗಟ್ಟೆಗೆ ಬರುವವರು ಇನ್ನೊಂದು ಗುಂಪು. ಸಂಜೆಯ ಪಾಳಿಯಲ್ಲಿ ದುಡಿಯುವವರಿಗೆ, ಮಕ್ಕಳನ್ನು ಬಿಟ್ಟು ಬರಲಾಗದವರಿಗೆ, ಹೊರಗೆ ಓಡಾಡಲಾಗದ ವೃದ್ಧರಿಗೆ ಎರಡನೆಯ ಮತವೇ ಏಕೈಕ ಅವಕಾಶ. ನಿಮ್ಮ ರಾತ್ರಿ ಹನ್ನೊಂದು ಗಂಟೆಯ ಶ್ರಮ ವ್ಯರ್ಥವಾಗಿಲ್ಲ, ಆದರೆ ನೀವು ಮತಗಟ್ಟೆಗೆ ಹೋಗದಿದ್ದರೆ ಆಗಬಹುದು. ಸ್ಥಳೀಯ ಮತದಾನಗಳು ಬಹುತೇಕ ಜನರ ಗಮನ ಬೇರೆಡೆ ಇರುವ ದಿನಗಳಲ್ಲೇ ಬರುತ್ತವೆ: ವರ್ಮಾಂಟಿನ ಟೌನ್ ಮೀಟಿಂಗ್ ಮಾರ್ಚ್ ತಿಂಗಳ ಮೊದಲ ಮಂಗಳವಾರ, ನ್ಯೂಯಾರ್ಕ್ ರಾಜ್ಯದ ಶಾಲಾ ಬಜೆಟ್ಟಿನ ಮತದಾನ ಮೇ ತಿಂಗಳ ಮೂರನೆಯ ಮಂಗಳವಾರ. ಅಧ್ಯಕ್ಷರ ಚುನಾವಣೆಯಲ್ಲಿ ಕೋಟಿಗಟ್ಟಲೆ ಮತಗಳ ನಡುವೆ ಕರಗುವ ನಿಮ್ಮ ಒಂದು ಮತ, ಇಲ್ಲಿ ಕೆಲವೇ ನೂರರಲ್ಲಿ ಒಂದಾಗಿರಬಹುದು.

ಪ್ರಶ್ನೆ: ನಾನು ಗ್ರೀನ್ ಕಾರ್ಡ್ ಹೊಂದಿದ್ದೇನೆ, ಬಾಡಿಗೆ ಮನೆಯಲ್ಲಿದ್ದೇನೆ. ಮಕ್ಕಳು ಇಲ್ಲಿನ ಶಾಲೆಗೇ ಹೋಗುತ್ತಾರೆ. ತೆರಿಗೆ ಕಟ್ಟುವವನಾಗಿ ಶಾಲೆಯ ಬಾಂಡಿಗೆ ಮತ ಹಾಕಬಹುದೇ?

ಉತ್ತರ: ಬಹುತೇಕ ಎಲ್ಲ ಕಡೆಯೂ ಹಾಕುವಂತಿಲ್ಲ. ಮನೆ ಬಾಡಿಗೆಯದಾಗಿರುವುದು ಅಡ್ಡಿಯಲ್ಲ, ಪೌರತ್ವ ಇಲ್ಲದಿರುವುದು ಅಡ್ಡಿ. ಮೇರಿಲ್ಯಾಂಡಿನ ಟಕೋಮಾ ಪಾರ್ಕ್, ವರ್ಮಾಂಟಿನ ವಿನೂಸ್ಕಿ ಮತ್ತು ಮಾಂಟ್‌ಪಿಲಿಯರ್‌ನಂಥ ಕೆಲವೇ ಊರುಗಳು ಪೌರರಲ್ಲದ ನಿವಾಸಿಗಳಿಗೂ ಸ್ಥಳೀಯ ಚುನಾವಣೆಯಲ್ಲಿ ಮತದಾನದ ಹಕ್ಕು ಕೊಟ್ಟಿವೆ. ಊರಿನ ಕ್ಲರ್ಕಿನ ಕಚೇರಿಯಿಂದ ಬರಹದಲ್ಲಿ ಖಚಿತಪಡಿಸಿಕೊಳ್ಳದೆ ಮತದಾರರ ಪಟ್ಟಿಗೆ ಅರ್ಜಿ ಹಾಕಬೇಡಿ. ವಾಹನ ಚಾಲನಾ ಪರವಾನಗಿಯ ಕಚೇರಿಯಲ್ಲಿ ಮತದಾರರ ನೋಂದಣಿಯ ಚೌಕವೂ ಮುಂದೆ ಬರುತ್ತದೆ. ಅಲ್ಲಿ ಕೈತಪ್ಪಿ ‘ಪೌರ’ ಎಂದು ಗುರುತು ಹಾಕಿದರೂ ಮುಂದೆ ಪೌರತ್ವದ ಅರ್ಜಿಗೆ ಕುತ್ತು ಬರಬಹುದು, ಗಡೀಪಾರಿನವರೆಗೂ ಹೋಗಬಹುದು.

ಬಾಡಿಗೆಯವರು ಆಸ್ತಿ ತೆರಿಗೆ ಕಟ್ಟುವುದಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಿಕೊಳ್ಳಬೇಡಿ. ಮಾಲೀಕರು ಅದನ್ನು ಬೇಗನೆಯೋ ತಡವಾಗಿಯೋ ಬಾಡಿಗೆಯಲ್ಲಿ ಸೇರಿಸುತ್ತಾರೆ. ಮತವಿಲ್ಲದಿದ್ದರೂ ನಿಮಗೆ ಮಾತಿದೆ. ಸ್ಕೂಲ್ ಬೋರ್ಡಿನ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ, ಸಾರ್ವಜನಿಕರ ಅಭಿಪ್ರಾಯಕ್ಕೆಂದು ಮೀಸಲಿಟ್ಟ ಹೊತ್ತಿನಲ್ಲಿ ಪೋಷಕರಾಗಿ ನೀವು ಎದ್ದುನಿಂತು ಕೇಳಬಹುದು. ಮತದಾನದ ಹಿಂದಿನ ವಾರ ಹೋಗಿ ಪ್ರಯೋಜನವಿಲ್ಲ. ವಾಸ್ತುಶಿಲ್ಪಿ ಇನ್ನೂ ನಕ್ಷೆ ಎಳೆಯುತ್ತಿರುವಾಗ, ಕೊಠಡಿಗಳೆಷ್ಟು, ಹಳೆಯ ಕಟ್ಟಡದ ದುರಸ್ತಿಗೆ ಎಷ್ಟಾಗುತ್ತಿತ್ತು, ಅಂದಾಜು ಮೀರಿದರೆ ಯಾವುದನ್ನು ಮೊದಲು ಕೈಬಿಡುತ್ತೀರಿ ಎಂಬ ಪ್ರಶ್ನೆಗಳಿಗೆ ಉತ್ತರ ಇನ್ನೂ ಬದಲಾಗಬಲ್ಲ ಹಂತದಲ್ಲಿ ಹೋಗಿ.